ಫೈಬರ್ ಚೂರುಗಳ ಲೋಡ್ ವಾಪಸ್ಸಾಗಿದೆ: ಕ್ಲೋರಿನ್ ಎಲ್ಲಿಂದ ಬಂತು?

ಪ್ರಶ್ನೆ, ಗಂಗಾವತಿಯಿಂದ:
ನಾನು ಫೈಬರ್ ನೀರಿನ ಟ್ಯಾಂಕ್ ಮತ್ತು ಬಚ್ಚಲುಮನೆಯ ಬಾಗಿಲು ತಯಾರಿಸುವ ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದೇನೆ. ಕತ್ತರಿಸಿದ ಅಂಚುಗಳನ್ನೂ ಒಡೆದ ಟ್ಯಾಂಕ್‌ಗಳನ್ನೂ ಗುಜರಿಯವರು ಮುಟ್ಟುವುದಿಲ್ಲ. ಹೀಗಾಗಿ ಸಿಮೆಂಟ್ ಕಾರ್ಖಾನೆಗಳಿಗೆ ತ್ಯಾಜ್ಯ ಒದಗಿಸುವ ಏಜೆನ್ಸಿಯೊಂದಕ್ಕೆ ಒಂದು ಲೋಡ್ ಕಳಿಸಿದೆ. ಮಾದರಿಯನ್ನು ಪರೀಕ್ಷಿಸಿ, ಕ್ಲೋರಿನ್ ಹೆಚ್ಚಾಗಿದೆ ಎಂದು ಬರೆದು ಹಿಂದಿರುಗಿಸಿದ್ದಾರೆ. ಗಾಜಿನ ನಾರಿಗೆ ನಾವು ಬಳಸುವುದು ಮಾಮೂಲಿ ಪಾಲಿಯೆಸ್ಟರ್ ರೆಸಿನ್ (ಒಣಗಿ ಗಟ್ಟಿಯಾಗುವ ಅಂಟುದ್ರವ). ತಿಳಿದವರು ದಯವಿಟ್ಟು ಕಾರಣ ತಿಳಿಸಬೇಕು.

ಉತ್ತರ, ಬಳ್ಳಾರಿಯಿಂದ:
ಮಾಮೂಲಿ ಪಾಲಿಯೆಸ್ಟರ್‌ನಲ್ಲಾಗಲಿ ಗಾಜಿನ ನಾರಿನಲ್ಲಾಗಲಿ ಅಷ್ಟು ಕ್ಲೋರಿನ್ ಇರುವುದಿಲ್ಲ ಸರ್. ಲೋಡಿನಲ್ಲಿ ಪಿವಿಸಿ ಏನಾದರೂ ಸೇರಿತ್ತೇ? ಬೆಂಕಿ ತಡೆಯುವ ರೆಸಿನ್ ಬಳಸಿ ಮಾಡಿದ ಮಾಲಿನ ಚೂರುಗಳಿದ್ದವೇ?

ಗಂಗಾವತಿಯಿಂದ:
ಎರಡೂ ಇದ್ದವು. ಒಡೆದ ಟ್ಯಾಂಕ್‌ಗಳಲ್ಲಿ ಪಿವಿಸಿ ನಿಪ್ಪಲ್‌ಗಳು (ಪೈಪ್ ಜೋಡಿಸುವ ತುಂಡುಗಳು) ಅಂಟಿಕೊಂಡೇ ಇದ್ದವು. ಹೋದ ವರ್ಷ ಒಬ್ಬರಿಗೆ ಬೆಂಕಿ ತಡೆಯುವ ಹಲಗೆಗಳನ್ನೂ ಮಾಡಿಕೊಟ್ಟಿದ್ದೆವು.

ಬಳ್ಳಾರಿಯಿಂದ:
ಹಾಗಾದರೆ ಕಾರಣ ಅಲ್ಲಿಯೇ ಇದೆ. ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್ನೇ ಇರುವುದರಿಂದ ನಾಲ್ಕು ನಿಪ್ಪಲ್ ಸಿಕ್ಕರೂ ಮಾದರಿ ಕೆಡುತ್ತದೆ. ಬೆಂಕಿ ತಡೆಯುವ ಕೆಲವು ರೆಸಿನ್‌ಗಳಲ್ಲಿಯೂ ಕ್ಲೋರಿನ್ ಅಥವಾ ಬ್ರೋಮಿನ್ ಇರುತ್ತದೆ. ಸಿಮೆಂಟ್ ಕುಲುಮೆಯ ಶಾಖಕ್ಕೆ ಕ್ಲೋರಿನ್ ಕ್ಷಾರಗಳೊಂದಿಗೆ ಸೇರಿ ಆವಿಯಾಗಿ, ಮೇಲಿನ ಸೈಕ್ಲೋನ್‌ಗಳಲ್ಲಿ (ಕಚ್ಚಾಪುಡಿಯನ್ನು ಮೊದಲು ಬಿಸಿಮಾಡುವ ಕೊಳಗಗಳಲ್ಲಿ) ತಣಿದು ಗೋಡೆಗೆ ಕಟ್ಟಿಕೊಂಡು ದಾರಿಯನ್ನೇ ಮುಚ್ಚುತ್ತದೆ. ಕಾರ್ಖಾನೆಯವರ ಹೆದರಿಕೆ ಅದು.

ಉಳಿದಂತೆ ತಮ್ಮ ದಾರಿ ಸರಿಯಾಗಿದೆ. ಸುಟ್ಟ ರೊಟ್ಟಿಯನ್ನು ಮತ್ತೆ ಹಿಟ್ಟು ಮಾಡಲಾಗದಂತೆ, ಒಮ್ಮೆ ಗಟ್ಟಿಯಾದ ಈ ರೆಸಿನ್ ಕರಗುವುದಿಲ್ಲ. ಪ್ಲಾಸ್ಟಿಕ್ ಕರಗಿಸಿ ಕಾಳು ಮಾಡುವವರಿಗೆ ಇದು ಬೇಡವಾಗಿರುವುದು ಅದಕ್ಕಾಗಿಯೇ. ಎಫ್‌ಆರ್‌ಪಿ, ಅಂದರೆ ನಮ್ಮ ಈ ಫೈಬರ್ ಮಾಲಿನ ತ್ಯಾಜ್ಯದ ಬಗ್ಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಸಿಮೆಂಟ್ ಕುಲುಮೆಯನ್ನೇ ಮುಂದಿಡುತ್ತದೆ. ಸುಮಾರು 1450 ಡಿಗ್ರಿಯಲ್ಲಿ ರೆಸಿನ್ ಇಂಧನವಾಗಿ ಉರಿಯುತ್ತದೆ, ನಾರಿನ ಸಿಲಿಕಾ ಮತ್ತು ಸುಣ್ಣದಂಶ ಕ್ಲಿಂಕರಿನಲ್ಲಿ (ಅರೆದು ಸಿಮೆಂಟ್ ಮಾಡುವ ಗಟ್ಟಿಗಳಲ್ಲಿ) ಬೆರೆಯುತ್ತವೆ, ಬೂದಿ ಬೇರೆಯಾಗಿ ಉಳಿಯುವುದಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆ ತಿರುಗುತ್ತಿರುವ ಗಾಳಿಯಂತ್ರಗಳ ರೆಕ್ಕೆಗಳೂ ಬಹುಮಟ್ಟಿಗೆ ಇದೇ ಬಗೆಯ ವಸ್ತು. ಅವು ಇಳಿಯುವ ಕಾಲಕ್ಕೆ ನಮ್ಮ ಚೂರುಗಳನ್ನು ಯಾರು ಕೇಳುತ್ತಾರೋ!

ಒಂದು ಎಚ್ಚರಿಕೆ: ಗಟ್ಟಿಯಾಗದ ರೆಸಿನ್ ಮತ್ತು ಅದು ಮೆತ್ತಿದ ಖಾಲಿ ಡ್ರಮ್‌ಗಳನ್ನು ಈ ಲೋಡಿಗೆ ಸೇರಿಸಬೇಡಿ. ಅವು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ಒಳಪಡುತ್ತವೆ. ರಾಜ್ಯ ಮಂಡಳಿಯ ಅನುಮತಿ ಬೇಕು, ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಸಣ್ಣ ಘಟಕಗಳಿಗೆ ಮಂಡಳಿಯು ಈ ಅವಧಿಯನ್ನು 180 ದಿನಗಳವರೆಗೆ ವಿಸ್ತರಿಸಬಹುದು.

ರಾಯಚೂರಿನಿಂದ:
ನಿಪ್ಪಲ್ ತೆಗೆಯುವಾಗ ಗ್ರೈಂಡರ್ ಹಿಡಿಯುವವರು ಮಾಸ್ಕ್, ತುಂಬುತೋಳಿನ ಅಂಗಿ ಧರಿಸಲಿ. ದೂಳು ಏಳದಂತೆ ನೀರು ಚಿಮುಕಿಸಿ, ಹಾರೆಯಿಂದ ಮೀಟಿ ತೆಗೆಯುವುದು ಇನ್ನೂ ಒಳ್ಳೆಯದು. ನಮ್ಮಲ್ಲಿ ಒಬ್ಬ ಹುಡುಗ ಬರಿಗೈಯಲ್ಲಿ ಕೊಯ್ದು ಎರಡು ದಿನ ತುರಿಸಿಕೊಂಡಿದ್ದಾನೆ.

ಗಂಗಾವತಿಯಿಂದ, ಮೂರು ವಾರಗಳ ನಂತರ:
ನಿಪ್ಪಲ್‌ಗಳನ್ನು ಸುತ್ತಲಿನ ಫೈಬರ್ ಸಮೇತ ಕೊಯ್ದು ತೆಗೆದು, ಹಲಗೆಗಳ ಚೂರುಗಳನ್ನು ಬೇರೆ ಚೀಲಗಳಲ್ಲಿ ತುಂಬಿಟ್ಟ ಮೇಲೆ ಹೊಸ ಮಾದರಿ ಒಪ್ಪಿಗೆಯಾಗಿದೆ. ಹಲಗೆಯ ಚೀಲಗಳು ಮಾತ್ರ ಇಲ್ಲಿಯೇ ಉಳಿದಿವೆ. ಅವುಗಳ ಮಾದರಿಯನ್ನು ಪ್ರತ್ಯೇಕವಾಗಿ ಪರೀಕ್ಷೆಗೆ ಕೊಟ್ಟಿದ್ದೇನೆ.