ಸಹಾಯ ಬೇಕು: ಕಾಯಿಲೆ ಯಾವುದೆಂದು ತಿಳಿಯದೆ ರೆಫರಲ್ ಪತ್ರ ಸಿಗುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಮಲ್ಪೆಯಲ್ಲಿರುವ ನನ್ನ ಅಕ್ಕನ ಮಗಳಿಗೆ ಹದಿನೈದು ವರ್ಷ. ಮಳೆಗಾಲಕ್ಕೆ ಮೊದಲೇ ಶುರುವಾದ ಸಂಜೆಯ ಜ್ವರ ಇನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಎದ್ದಾಗ ಬೆರಳುಗಳು ಬಿಗಿದುಕೊಂಡಿರುವುದರಿಂದ ಜಡೆ ಹೆಣೆದುಕೊಳ್ಳಲೂ ಆಗುವುದಿಲ್ಲ, ಅಳತೆಗೆ ಸರಿಯಾಗಿದ್ದ ಬಳೆ ಈಗ ಮೊಣಕೈವರೆಗೆ ಜಾರುತ್ತದೆ. ನಮ್ಮ ಕರಾವಳಿಯಲ್ಲಿ ಜ್ವರವೆಂದರೆ ಮೊದಲು ನೋಡುವ ಮಲೇರಿಯಾ, ಡೆಂಗಿ, ಇಲಿಜ್ವರ, ಟೈಫಾಯಿಡ್ ಯಾವುದೂ ರಕ್ತಪರೀಕ್ಷೆಯಲ್ಲಿ ಕಂಡುಬಂದಿಲ್ಲ. ಕ್ಷಯದ ಪರೀಕ್ಷೆಯೂ ಆಯಿತು. ಓದಿನ ಒತ್ತಡವಿರಬಹುದೆಂದು ಒಬ್ಬ ವೈದ್ಯರು ಹೇಳಿದರು. ಆದರೆ ಊದಿಕೊಂಡ ಬೆರಳುಗಳನ್ನು ಕಣ್ಣಾರೆ ಕಂಡಿರುವ ನಮಗೆ ಅದನ್ನು ಒಪ್ಪಲು ಮನಸ್ಸು ಬರುತ್ತಿಲ್ಲ.

ಭಾವ ಮೀನುಗಾರಿಕೆ ಬೋಟಿನಲ್ಲಿ ದುಡಿಯುವವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಸಂಪಾದನೆಯೇ ಇರಲಿಲ್ಲ. ಪರೀಕ್ಷೆ, ಸ್ಕ್ಯಾನಿಂಗ್ ಎಂದು ಅಕ್ಕನ ಬಂಗಾರ ಸೊಸೈಟಿಯಲ್ಲಿ ಅಡವು ಬಿದ್ದಿದೆ.

ಬಿಪಿಎಲ್ ಕಾರ್ಡ್ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆಯಾದರೂ, ಅದು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ, ಹೊರರೋಗಿಯಾಗಿ ಮಾಡಿಸುವ ಪರೀಕ್ಷೆಗಳಿಗೆ ಅನ್ವಯಿಸುವುದಿಲ್ಲ ಎಂದು ಖಾಸಗಿ ಆಸ್ಪತ್ರೆಯೊಂದರ ಕೌಂಟರಿನಲ್ಲಿ ತಿಳಿಸಿದರು. ಕಾಯಿಲೆ ಗೊತ್ತಾಗದೆ ನೆರವಿಲ್ಲ, ನೆರವಿಲ್ಲದೆ ಕಾಯಿಲೆ ಪತ್ತೆಹಚ್ಚುವ ಪರೀಕ್ಷೆಯಿಲ್ಲ. ನಾವು ಸಿಕ್ಕಿಕೊಂಡಿರುವುದು ಇಲ್ಲಿಯೇ.

ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲಿಸಿ, ರೋಗನಿರ್ಣಯಕ್ಕಾಗಿಯೇ ದೊಡ್ಡ ಆಸ್ಪತ್ರೆಗೆ ರೆಫರಲ್ ಪತ್ರ ಪಡೆಯಲು ಸಾಧ್ಯವೇ? ಹಾಗೆ ಪಡೆದವರು ಇಲ್ಲಿದ್ದರೆ, ಮೊದಲು ಕಾಣಬೇಕಾದದ್ದು ಮಕ್ಕಳ ತಜ್ಞರನ್ನೋ, ಆಸ್ಪತ್ರೆಯಲ್ಲಿ ಈ ಯೋಜನೆಯ ಬಗ್ಗೆ ನೆರವಾಗುವ ಆರೋಗ್ಯಮಿತ್ರರನ್ನೋ ಎಂದು ದಯವಿಟ್ಟು ತಿಳಿಸುವಿರಾ?