ಮಗಳಿಗೆ ಪರಿಮಳದ ಕೆಲಸ ಕಲಿಯಬೇಕಂತೆ, ಗೊತ್ತಿದ್ದವರು ಹೇಳಿ

ಕುಂಬಳೆಯಿಂದ ಕೇಳುತ್ತಿದ್ದೇನೆ. ಮಗಳ ಬಿಎಸ್ಸಿ ಕೆಮಿಸ್ಟ್ರಿ ಈ ವರ್ಷ ಮುಗಿಯಿತು. ಬಿಎಡ್ ಮಾಡು ಅಂದರೆ ಕೇಳುವುದಿಲ್ಲ, ಸೆಂಟು ತಯಾರಿಸುವ ಪರ್ಫ್ಯೂಮರ್ ಆಗಬೇಕು ಅಂತ ಹಟ. ಅವಳ ಅಪ್ಪ, "ಅದಕ್ಕೆ ಹುಟ್ಟಿನಿಂದಲೇ ಮೂಗು ಬೇಕು, ಡಿಗ್ರಿಯಿಂದ ಬರುವುದಲ್ಲ" ಅನ್ನುತ್ತಾರೆ. ಹೌದಾ? ಕಲಿಸುವುದು ಎಲ್ಲಿ?

*

ಅಕ್ಕ, ನಾನು ಬದಿಯಡ್ಕದವ. ಅಗರಬತ್ತಿ, ಸೋಪಿಗೆ ಪರಿಮಳ ಮಾಡಿಕೊಡುವ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಭಾವನಿಗೆ ಅರ್ಧ ಸರಿ ಅಂತ ಹೇಳಿ.

ಮೊದಲ ಎರಡು ವರ್ಷ ನನಗೆ ಕೊಟ್ಟದ್ದು ತೂಗುವ ಕೆಲಸ ಮಾತ್ರ. ಪರ್ಫ್ಯೂಮರ್ ಬರೆದ ಚೀಟಿ ನೋಡಿ ನಲವತ್ತು ಐವತ್ತು ಬಾಟಲಿಗಳಿಂದ ಹನಿ ಹನಿಯಾಗಿ ಹಾಕುವುದು. ತಕ್ಕಡಿ 0.001 ಗ್ರಾಮ್ ತನಕ ತೋರಿಸುತ್ತದೆ. ಕೈ ನಡುಗಿ ಒಂದು ಹನಿ ಹೆಚ್ಚು ಬಿತ್ತೋ, ಎಲ್ಲ ಚೆಲ್ಲಿ ಮೊದಲಿಂದ ಶುರು. ಡಿಗ್ರಿ ಇದ್ದದ್ದರಿಂದ ಒಳಗೆ ಸೇರಿಸಿಕೊಂಡರು, ಅಷ್ಟೇ.

ಮೂರನೇ ವರ್ಷ ನನಗೆ ಧೈರ್ಯ ಬಂತು. ಮಲ್ಲಿಗೆಯ ಸತ್ವವನ್ನು ಜಿಸಿ-ಎಂಎಸ್ ಯಂತ್ರಕ್ಕೆ, ಅಂದರೆ ಯಾವ ಕೆಮಿಕಲ್ ಎಷ್ಟು ಉಂಟು ಅಂತ ಬಿಡಿಸಿ ತೋರಿಸುವ ಯಂತ್ರಕ್ಕೆ, ಹಾಕಿದ ವರದಿ ಇತ್ತು: ಬೆಂಜೈಲ್ ಅಸಿಟೇಟ್ ಇಷ್ಟು, ಲಿನಲೂಲ್ ಇಷ್ಟು, ಇಂಡೋಲ್ ಇಷ್ಟು. ಶನಿವಾರ ಎಲ್ಲರೂ ಹೋದ ಮೇಲೆ ಲೆಕ್ಕದ ಪ್ರಕಾರ ಕಲಸಿದೆ. ಇಂಡೋಲ್ ಮಾತ್ರ ಹಾಕಲಿಲ್ಲ. ಆ ಬಾಟಲಿ ತೆಗೆದು ನೋಡಿದ್ದೀರಾ? ನುಸಿಗುಳಿಗೆ ಮತ್ತು ಪಾಯಿಖಾನೆ ಒಟ್ಟಿಗೆ ಬಂದ ಹಾಗೆ. ಮಲ್ಲಿಗೆಗೆ ಅದನ್ನು ಸೇರಿಸುವುದಾ ಅಂತ ನನ್ನ ಬುದ್ಧಿ.

ಸೋಮವಾರ ನಮ್ಮ ಹಿರಿಯರು ಕಾಗದದ ಪಟ್ಟಿ ಅದ್ದಿ ಮೂಸಿ, "ಇದು ದೇವರ ಫೋಟೋಕ್ಕೆ ಹಾಕುವ ಪ್ಲಾಸ್ಟಿಕ್ ಮಾಲೆ" ಅಂದರು. ಚೆನ್ನಾಗಿ ತೆಳುಮಾಡಿದ ಇಂಡೋಲ್ ಎರಡು ಹನಿ ಬಿಟ್ಟು ಮತ್ತೆ ಕೊಟ್ಟರು. ಮಾರಾಯ್ರೆ, ಅಜ್ಜಿ ಬಾಳೆನಾರಿನಲ್ಲಿ ಕಟ್ಟಿಟ್ಟ ಮೊಗ್ಗು ದೀಪ ಹಚ್ಚುವ ಹೊತ್ತಿಗೆ ಬಿರಿಯುವಾಗ ಬರುವ ಪರಿಮಳ! ಆಮೇಲೆ ಇನ್ನೂ ಎರಡು ಹನಿ ಹಾಕಿದರು. ಈಗ ಮಾರನೇ ದಿನ ಕಸದಬುಟ್ಟಿಯಲ್ಲಿ ಬಿದ್ದ ಹೂ. ಇಂಡೋಲ್ ಉಂಟು ಅಂತ ಯಂತ್ರ ಹೇಳಿತ್ತು. ಕೈ ಎಲ್ಲಿ ನಿಲ್ಲಿಸಬೇಕು ಅಂತ ಹೇಳಿದ್ದು ಅವರ ಮೂಗು.

ಮಲ್ಲಿಗೆಯ ಹಿಂದೆ ಬಿದ್ದ ಕೆಮಿಸ್ಟರಿಂದಲೇ ಹೆಡಿಯೋನ್ ಅನ್ನುವ ಪರಿಮಳದ ಕೆಮಿಕಲ್ ಬಂತು. ಬರೇ ಮೂಸಿದರೆ ಏನೂ ಇಲ್ಲದಷ್ಟು ತೆಳು. ಫ್ರಾನ್ಸಿನ ಪರ್ಫ್ಯೂಮರ್ ಎಡ್ಮಂಡ್ ರೂಡ್ನಿಟ್ಸ್ಕಾ 1966ರಲ್ಲಿ ಅದನ್ನು ತನ್ನ ಸೆಂಟು ಓ ಸೊವಾಜ್‌ನಲ್ಲಿ ಬಳಸಿದ ಮೇಲೆ ಈಗ ಅದಿಲ್ಲದ ಸೆಂಟು ಹುಡುಕುವುದು ಕಷ್ಟ.

ಮೂಗಿನ ವಿಷಯ. ನನಗೆ ಒಂದು ಜಾತಿಯ ಕಸ್ತೂರಿ ಗೊತ್ತಾಗುವುದೇ ಇಲ್ಲ. ಹಾಗೆ ತುಂಬಾ ಜನರಿಗೆ ಉಂಟು, ಅದರಿಂದ ಕೆಲಸ ಹೋಗಲಿಲ್ಲ. ಬೇಕಾದದ್ದು ನೆನಪು. ಮಗಳಿಗೆ ಒಂದು ನೋಟ್‌ಬುಕ್ ಕೊಡಿ. ಏಲಕ್ಕಿ, ಲವಂಗ, ಲಾವಂಚ, ಒಣಗಿದ ರೆಂಜೆ ಹೂ ಕಣ್ಣುಮುಚ್ಚಿ ಮೂಸಿ ಬರೆಯಲಿ. "ಒಳ್ಳೆ ಪರಿಮಳ" ಅಂತ ಬರೆದರೆ ಪುಟ ಹರಿಯಿರಿ. ಲವಂಗಕ್ಕೆ "ಹಲ್ಲಿನ ಡಾಕ್ಟರ ಕೋಣೆ" ಅಂತ ಬರೆದಳೋ, ದಾರಿಗೆ ಬಂದಳು. ಎರಡು ಕಡೆಯೂ ಇರುವುದು ಯುಜೆನಾಲ್ ಅನ್ನುವ ಒಂದೇ ಕೆಮಿಕಲ್. ಎಣ್ಣೆ ಅದ್ದಿದ ಒಂದೇ ಕಾಗದದ ಪಟ್ಟಿಯನ್ನು ಆಗಲೇ, ಅರ್ಧ ಗಂಟೆ ಬಿಟ್ಟು, ಮರುದಿನ ಬೆಳಿಗ್ಗೆ ಮೂಸಬೇಕು. ಮೂರೂ ಬೇರೆ ಬೇರೆ ಇರುತ್ತದೆ. ಮೂಗು ದಣಿದರೆ ಕಾಫಿಬೀಜ ಮೂಸಿ ಅನ್ನುತ್ತಾರೆ, ನನಗೇನೂ ಉಪಯೋಗ ಆಗಲಿಲ್ಲ. ಸ್ವಂತ ಮೊಣಕೈಯ ಒಳಗೆ ಮೂಸಿದರೆ ಸಾಕು.

*

ತಳಂಗರೆಯಿಂದ. ನಮ್ಮದು ಅಪ್ಪನ ಕಾಲದ ಅತ್ತರ್ ಅಂಗಡಿ. ನಾನು ಪಿಯುಸಿ ಫೇಲ್, ಕೆಮಿಸ್ಟ್ರಿ ಗೊತ್ತಿಲ್ಲ. ಸರಕು ತರಲಿಕ್ಕೆ ಉತ್ತರ ಪ್ರದೇಶದ ಅತ್ತರಿನ ಊರು ಕನೌಜಿಗೆ ಹೋದಾಗ ನೋಡಿದ್ದು ಹೇಳುತ್ತೇನೆ. ಡೇಗ್ ಅನ್ನುವ ತಾಮ್ರದ ಹಂಡೆಯಲ್ಲಿ ಹೂವು, ನೀರು. ಮುಚ್ಚಳಕ್ಕೆ ಮಣ್ಣು ಮೆತ್ತಿ ಬಿದಿರಿನ ಕೊಳವೆ. ಆ ಕಡೆ ನೀರಿನಲ್ಲಿ ಕೂತ ಭಪ್ಕಾ, ಅಂದರೆ ಆವಿ ಬಂದು ತಣಿಯುವ ಪಾತ್ರೆ, ಅದರೊಳಗೆ ಗಂಧದೆಣ್ಣೆ. ಮುದುಕರೊಬ್ಬರು ಭಪ್ಕಾ ಮುಟ್ಟಿಯೇ ಬೆಂಕಿ ಹೆಚ್ಚು ಕಡಿಮೆ ಮಾಡಿಸುತ್ತಿದ್ದರು, ಥರ್ಮಾಮೀಟರ್ ಇಲ್ಲ. ಸುಟ್ಟ ಮಣ್ಣಿನ ಬಿಲ್ಲೆಯನ್ನೂ ಹೀಗೇ ಭಟ್ಟಿ ಇಳಿಸಿ ಮಳೆಯ ವಾಸನೆಯ ಅತ್ತರ್ ಮಾಡುತ್ತಾರೆ. ಈಗ ಗಂಧದೆಣ್ಣೆ ತುಟ್ಟಿ, ಸುಮಾರು ಜನ ಅದರ ಬದಲು ಪ್ಯಾರಾಫಿನ್ ಎಣ್ಣೆ ಹಾಕುತ್ತಾರೆ. ಅದನ್ನು ಹಿಡಿಯಲಿಕ್ಕೆ ನನ್ನ ಮೂಗು ಸಾಕಾಗುವುದಿಲ್ಲ, ಅಲ್ಲಿ ನಿಮ್ಮ ಮಗಳ ಕೆಮಿಸ್ಟ್ರಿ ಬೇಕು. ಅಂಗಡಿಗೆ ಕರೆದುಕೊಂಡು ಬನ್ನಿ ಅಕ್ಕ, ಮೂಸಲಿಕ್ಕೆ ದುಡ್ಡಿಲ್ಲ.

*

ಮಂಜೇಶ್ವರ, ಕಾಲೇಜಿನಲ್ಲಿ ಪಾಠ ಮಾಡುವವಳು. ಕನೌಜಿನಲ್ಲಿ 1991ರಿಂದ ಪರಿಮಳದ ಕೆಲಸ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆ ಎಫ್‌ಎಫ್‌ಡಿಸಿ ಇದೆ, ಸಣ್ಣ ಕೋರ್ಸುಗಳು ಸಿಗುತ್ತವೆ, ಮೊದಲು ಅಲ್ಲಿ ವಿಚಾರಿಸಿ. ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ 1970ರಲ್ಲಿ ಶುರುವಾದ ಇಸಿಪ್ಕಾ ಅನ್ನುವ ಪರ್ಫ್ಯೂಮ್ ಶಾಲೆ ದೊಡ್ಡ ಹೆಸರು, ಖರ್ಚೂ ದೊಡ್ಡದೇ. ಆನ್‌ಲೈನ್ ಸರ್ಟಿಫಿಕೇಟಿಗೆ ಹಣ ಕಟ್ಟಬೇಡಿ. ನನ್ನ ತಂಗಿ ಒಂದು ಕಡೆ ಕಟ್ಟಿ ಮೂರು ತಿಂಗಳು ವಿಡಿಯೊ ನೋಡಿದಳು. ಮನೆಗೆ ಒಂದು ಬಾಟಲಿಯೂ ಬರಲಿಲ್ಲ. ವಿಡಿಯೊಕ್ಕೆ ವಾಸನೆ ಉಂಟಾ?

*

ಎಲ್ಲರಿಗೂ ಉಪಕಾರ. ಅವಳದ್ದೇ ಒಂದು ಪ್ರಶ್ನೆ: ಎಣ್ಣೆ ತೆಳುಮಾಡಲಿಕ್ಕೆ ಮೆಡಿಕಲ್ ಶಾಪಿನ ಸ್ಪಿರಿಟ್ ಆಗುತ್ತದಾ?

*

ಬದಿಯಡ್ಕದವ: ಬೇಡ, ಅದಕ್ಕೆ ಅದರದ್ದೇ ವಾಸನೆ. ಕೆಮಿಕಲ್ ಅಂಗಡಿಯಲ್ಲಿ ಡೈಪ್ರೊಪಿಲೀನ್ ಗ್ಲೈಕಾಲ್ ಅನ್ನುವ ವಾಸನೆಯಿಲ್ಲದ ದ್ರವ ಕೇಳಿ, ಪರಿಮಳಕ್ಕೆ ಬಳಸುವ ದರ್ಜೆಯದ್ದು. ಒಂಬತ್ತು ಪಾಲು ಅದು, ಒಂದು ಪಾಲು ಎಣ್ಣೆ, ತೂಕದ ಲೆಕ್ಕ. ಹನಿ ಎಣಿಸಬೇಡಿ. ಬಾಟಲಿಯ ಮೇಲೆ ತಾರೀಕು ಬರೆಯಲಿ. ನಾನು ಬರೆಯದೆ ಒಂದು ಕಪಾಟು ಇಡೀ ಬಿಸಾಡಿದ್ದೇನೆ.