ಜಾವಾದಲ್ಲಿ ಕನ್ನಡ ಫೈಲ್ ಓದಿದರೆ ಒಂದು ಅಕ್ಷರಕ್ಕೆ ಮೂರು ಕಸ, ಲೂಪ್ ನಿಲ್ಲುವುದೇ ಇಲ್ಲ

ಪದಬಂಧಪ್ರಿಯ:
ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಮ್ಮನಿಗೆ ಪದಬಂಧದ ಹುಚ್ಚು. ಪೇಪರಿನಲ್ಲಿ ಬರೋದು ಸಾಲಲ್ಲ ಅಂತ ದಿನಾ ಗೊಣಗುತ್ತಾರೆ. ಪದಗಳ ಪಟ್ಟಿ ಕೊಟ್ಟರೆ ಚೌಕಗಳಲ್ಲಿ ತಾನೇ ಹೊಂದಿಸುವ ಪ್ರೋಗ್ರಾಂ ಬರೆಯೋಣ ಅಂತ ಕೂತೆ, ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿದೆ. ಪಟ್ಟಿಯನ್ನು ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 (ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಒಂದು ಪದ್ಧತಿ) ಆಗಿ ಉಳಿಸಿದ್ದೇನೆ. ಫೈಲ್‌ಇನ್‌ಪುಟ್‌ಸ್ಟ್ರೀಮ್ ತೆರೆದು, ರೀಡ್ ಕರೆದು, ಬಂದದ್ದನ್ನು ಕ್ಯಾರ್‌ಗೆ ಕಾಸ್ಟ್ ಮಾಡಿ (ಅಂದರೆ ಅಕ್ಷರ ಅಂತ ಬದಲಿಸಿ) ಕ್ಯಾರ್ ವೇರಿಯಬಲ್‌ನಲ್ಲೇ ಇಟ್ಟು, ಅದು -1 (ಫೈಲ್ ಮುಗಿಯಿತು ಅನ್ನುವ ಗುರುತು) ಆಗುವ ತನಕ ವೈಲ್ ಲೂಪ್. ಅಷ್ಟೇ ಕೋಡು. "ಕ" ಬರಬೇಕಾದ ಕಡೆ ತಲೆ ಮೇಲೆ ಓರೆ ಗೀಟಿರುವ ಇಂಗ್ಲಿಷ್ ಎ, ಪಕ್ಕದಲ್ಲಿ ಮೇಲಕ್ಕೆ ಏರಿದ ಪುಟ್ಟ 2, ಆಮೇಲೊಂದು ಪ್ರಶ್ನೆ ಚಿಹ್ನೆ. ಫೈಲ್ ಮುಗಿದ ಮೇಲೂ ನಿಲ್ಲಲ್ಲ, ಪ್ರಶ್ನೆ ಚಿಹ್ನೆ ಉಗುಳುತ್ತಲೇ ಇರುತ್ತದೆ. ವಿಂಡೋಸ್, ಜಾವಾ 8.

ಬಿಸಿಬೈಟ್:
ಲೂಪ್ ನಿಲ್ಲಬೇಕು ಅಂದ್ರೆ ಅವೈಲಬಲ್ ಸೊನ್ನೆಗಿಂತ ಜಾಸ್ತಿ ಇರುವ ತನಕ ಓದಿ ಸಾಕು. ಕಸಕ್ಕೆ ಜಾವಾ 18 ಹಾಕಿಕೊಳ್ಳಿ, ಅದರಲ್ಲಿ ಎಲ್ಲಾ ಯುಟಿಎಫ್-8 ಅಂತೆ.

ಹಳೇಮೌಸ್:
ಎರಡೂ ಬೇಡ ಗುರು. ಅವೈಲಬಲ್ ಹೇಳೋದು ಸದ್ಯಕ್ಕೆ ಕಾಯದೆ ಎಷ್ಟು ಬೈಟ್ ಓದಬಹುದು ಅನ್ನುವ ಅಂದಾಜು ಮಾತ್ರ. ನೆಟ್‌ವರ್ಕಿನಿಂದ ಓದುವಾಗ ಅರ್ಧದಲ್ಲೇ ಸೊನ್ನೆ ಅಂದುಬಿಡುತ್ತದೆ. 2022ರಲ್ಲಿ ಬಂದ ಜಾವಾ 18ರಿಂದ ಡೀಫಾಲ್ಟ್ ಯುಟಿಎಫ್-8 ಆಗಿದ್ದು ನಿಜ. ಆದರೆ ಇವರು ಬೈಟನ್ನೇ ಹಿಡಿದು ಕ್ಯಾರ್ ಅಂತ ಕರೆಯುತ್ತಿದ್ದಾರಲ್ಲ, ಅದಕ್ಕೆ ಯಾವ ಆವೃತ್ತಿ ಹಾಕಿದರೂ ಅಷ್ಟೇ.

ಪದಬಂಧಪ್ರಿಯ ಅವರೇ, ಮೊಬೈಲಿನಲ್ಲಿದ್ದೇನೆ, ಕೋಡ್ ಹಾಕೋಕಾಗಲ್ಲ, ಬಾಯಲ್ಲೇ ಹೇಳ್ತೀನಿ. ಕಾಸ್ಟ್ ತೆಗೆದು ಬಂದ ಅಂಕಿಗಳನ್ನು ಹಾಗೇ ಪ್ರಿಂಟ್ ಮಾಡಿ ನೋಡಿ. "ಕ"ಗೆ 224, 178, 149 ಬರುತ್ತದೆ. ಇನ್‌ಪುಟ್‌ಸ್ಟ್ರೀಮ್‌ಗೆ ಅಕ್ಷರ ಅಂದರೆ ಏನಂತಲೇ ಗೊತ್ತಿಲ್ಲ, ಅದು ಕೊಡೋದು ಬೈಟು, ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ ಮೂರು ಬೈಟು. 178ರಲ್ಲಿ 128 ಕಳೆದರೆ 50, 149ರಲ್ಲಿ ಕಳೆದರೆ 21. 50ನ್ನು 64ರಿಂದ ಗುಣಿಸಿ 21 ಕೂಡಿಸಿದರೆ 3221, ಅದೇ "ಕ"ದ ಯೂನಿಕೋಡ್ ಸಂಖ್ಯೆ (ಎಲ್ಲಾ ಕಂಪ್ಯೂಟರಿನಲ್ಲೂ ಆ ಅಕ್ಷರಕ್ಕೆ ಇರುವ ಒಂದೇ ನಂಬರು). ಈ ಲೆಕ್ಕ ಮಾಡೋಕೆ ಅಂತಲೇ ಇನ್‌ಪುಟ್‌ಸ್ಟ್ರೀಮ್‌ರೀಡರ್ ಇದೆ (ಜಾವಾ 1.0ರಲ್ಲಿ ಇರಲಿಲ್ಲ, 1.1ರಲ್ಲಿ ಸೇರಿಸಿದರು). ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ: ಒಳಗೆ ಫೈಲ್‌ಇನ್‌ಪುಟ್‌ಸ್ಟ್ರೀಮ್, ಅದರ ಹೊರಗೆ ಇನ್‌ಪುಟ್‌ಸ್ಟ್ರೀಮ್‌ರೀಡರ್, ಎಲ್ಲಕ್ಕಿಂತ ಹೊರಗೆ ಬಫರ್ಡ್‌ರೀಡರ್. ನಡುವಿನ ಡಬ್ಬಿಗೆ ಯುಟಿಎಫ್-8 ಅಂತ ಕೊಡೋದು ಮರೆಯಬೇಡಿ, ಮರೆತರೆ ನಿಮ್ಮ ಜಾವಾ 8 ವಿಂಡೋಸಿನ ಹಳೇ ಎನ್‌ಕೋಡಿಂಗನ್ನೇ ಹಿಡಿಯುತ್ತದೆ.

ಇನ್ನು ನಿಲ್ಲದ ಲೂಪು. ರೀಡ್ ಇಂಟ್ (ಪೂರ್ಣಾಂಕ) ಕೊಡೋದು ಸುಮ್ನೆ ಅಲ್ಲ. ಜಾವಾದ ಕ್ಯಾರ್‌ಗೆ ಮೈನಸ್ಸೇ ಇಲ್ಲ, 0ಯಿಂದ 65535ರ ತನಕ ಮಾತ್ರ. -1 ತುರುಕಿದರೆ ಅದು 65535 ಆಗಿಬಿಡುತ್ತದೆ, ಆಮೇಲೆ ಜನ್ಮದಲ್ಲಿ -1ಕ್ಕೆ ಸಮ ಆಗಲ್ಲ. ಇಂಟ್‌ನಲ್ಲಿ ಹಿಡಿದು, -1 ಅಲ್ಲ ಅಂತ ಖಾತ್ರಿಯಾದ ಮೇಲೆ ಕಾಸ್ಟ್ ಮಾಡಿ.

ಪದಬಂಧಪ್ರಿಯ:
ಲೂಪ್ ನಿಂತಿತು! ಅಂಕಿಗಳೂ ಸರಿ, 3221 ಬಂತು. ಆದರೆ ಪರದೆ ಮೇಲೆ ಈಗ ಬರೀ ಪ್ರಶ್ನೆ ಚಿಹ್ನೆ. ಮೊದಲ ಪದಕ್ಕೆ ಮುಂದೆ ಒಂದು ಖಾಲಿ ಚೌಕ ಬೇರೆ ಬರುತ್ತಿದೆ. ಮತ್ತೆ "ಕನ್ನಡ"ಕ್ಕೆ ಐದು ಚೌಕ! ಚಿಕ್ಕಮ್ಮ ನೋಡಿದರೆ ನಗುತ್ತಾರೆ.

ಹಳೇಮೌಸ್:
ಪ್ರಶ್ನೆ ಚಿಹ್ನೆಗೆ ಓದೋ ಕೋಡ್ ಮುಟ್ಟಬೇಡಿ, ಅದು ಬರೆಯುವ ಕಡೆಯ ತೊಂದರೆ. ಕನ್ಸೋಲಿನ ಎನ್‌ಕೋಡಿಂಗ್ ಬದಲಿಸಿ, ಇಲ್ಲಾ ಯುಟಿಎಫ್-8 ಫೈಲಿಗೇ ಬರೆಸಿ. ಖಾಲಿ ಚೌಕ ಹಳೇ ವಿಂಡೋಸಿನ ನೋಟ್‌ಪ್ಯಾಡ್ ಫೈಲಿನ ಶುರುವಿನಲ್ಲಿ ಸೇರಿಸುವ ಬಿಓಎಂ ಅನ್ನುವ ಗುರುತು. ಜಾವಾ ಅದನ್ನು ತಾನಾಗಿ ತೆಗೆಯಲ್ಲ. ಮೊದಲು ಬಂದ ಸಂಖ್ಯೆ 65279 ಆಗಿದ್ದರೆ ಬಿಟ್ಟುಬಿಡಿ.

ಐದು ಚೌಕದ್ದು ತಪ್ಪಲ್ಲ, ಯೂನಿಕೋಡಿನ ಲೆಕ್ಕ: ಕ, ನ, ವಿರಾಮ ("ನ್"ನಲ್ಲಿ ಸ್ವರ ತೆಗೆಯುವ ಚಿಹ್ನೆ), ನ, ಡ. ಪದಬಂಧಕ್ಕೆ ಬೇಕಿರೋದು ಕ, ನ್ನ, ಡ. ಇದಕ್ಕೆ ರೆಡಿ ಕ್ಲಾಸ್ ಹುಡುಕುವ ಬದಲು ನೀವೇ ಬರೆಯಿರಿ, ಎರಡೇ ನಿಯಮ. ಬಂದದ್ದು ಕಾಗುಣಿತದ ಚಿಹ್ನೆ, ಅನುಸ್ವಾರ, ವಿಸರ್ಗ ಅಥವಾ ವಿರಾಮ ಆದರೆ ಹಿಂದಿನ ಚೌಕಕ್ಕೇ ಅಂಟಿಸಿ. ಹಿಂದಿನ ಚೌಕ ವಿರಾಮದಲ್ಲಿ ಮುಗಿದಿದ್ದು ಈಗ ಬಂದದ್ದು ವ್ಯಂಜನ ಆದರೆ ಅದನ್ನೂ ಅಂಟಿಸಿ. ಉಳಿದದ್ದಕ್ಕೆಲ್ಲ ಹೊಸ ಚೌಕ.

ಬಿಸಿಬೈಟ್:
ಹಾಗಾದ್ರೆ "ಬಸ್‌ಸ್ಟ್ಯಾಂಡ್"?

ಹಳೇಮೌಸ್:
ಒಳ್ಳೇ ಕಡೆ ಸಿಕ್ಕಿಸಿದಿರಿ! ಅಲ್ಲಿ "ಸ್" ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, ಸಂಖ್ಯೆ 8204, ಒತ್ತು ಆಗದಂತೆ ತಡೆಯೋಕೆ. ಅದನ್ನೂ ಹಿಂದಿನ ಚೌಕಕ್ಕೇ ಅಂಟಿಸಿ. ಆಗ ಆ ಚೌಕ ವಿರಾಮದಲ್ಲಿ ಮುಗಿಯಲ್ಲ, ಮುಂದಿನ ಸ ಹೊಸ ಚೌಕಕ್ಕೆ ಹೋಗುತ್ತದೆ. ಬ, ಸ್, ಸ್ಟ್ಯಾಂ, ಡ್. ನಾಲ್ಕು.

ಪದಬಂಧಪ್ರಿಯ:
ಆಯ್ತು ಸರ್, "ಕನ್ನಡ"ಕ್ಕೆ ಮೂರೇ ಚೌಕ ಬಂತು. ಬಿಓಎಂ ಹೋಯ್ತು. ಈಗ ಚಿಕ್ಕಮ್ಮ ಕೇಳುತ್ತಿರೋದು, ಅಡ್ಡ ಪದ ನಾನು ಹೊಂದಿಸಿದೆ, ನಿನ್ನ ಕಂಪ್ಯೂಟರಿಗೆ ಸುಳಿವು ಬರೆಯೋಕೆ ಬರುತ್ತಾ ಅಂತ. ಅದಕ್ಕೆ ಬೇರೆ ಪ್ರಶ್ನೆ ಹಾಕ್ತೀನಿ.